ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳ ದಂತವೈದ್ಯರಾಗಿ ಚಿಕಿತ್ಸೆ, ಬೋಧನೆ, ಹಳ್ಳಿಯ ಶಿಬಿರ ಮೂರನ್ನೂ ನಡೆಸಲು ಸಾಧ್ಯವೇ?

ನೀವು ದಂತವೈದ್ಯ ಪದವಿಯಾದ ಬಿಡಿಎಸ್‌ನ ಕೊನೆಯ ವರ್ಷದಲ್ಲಿದ್ದೀರಿ, ಮಕ್ಕಳ ದಂತವೈದ್ಯ ವಿಭಾಗದಲ್ಲಿ ಸ್ನಾತಕೋತ್ತರ ಪದವಿ ಎಂಡಿಎಸ್ ಮಾಡುವ ಮನಸ್ಸಿದೆ, ಆದರೆ ಮನೆಯವರು ಹಾಲುಹಲ್ಲು ನೋಡಿಕೊಂಡು ಹೊಟ್ಟೆ ತುಂಬೀತೇ ಎಂದು ಕೇಳುತ್ತಿದ್ದಾರೆ; ಜೊತೆಗೆ ಕ್ಲಿನಿಕ್ಕು, ಕಾಲೇಜು, ಹಳ್ಳಿಗಳ ಶಿಬಿರ ಈ ಮೂರನ್ನೂ ಒಬ್ಬರೇ ನಿಭಾಯಿಸಲಾದೀತೇ ಎಂಬ ಅನುಮಾನ ನಿಮಗೇ ಇದೆ ಎಂದು ಬರೆದಿದ್ದೀರಿ. ನಾನು ಇದೇ ವಿಭಾಗದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹಗಲು ದಂತವೈದ್ಯಕೀಯ ಕಾಲೇಜಿನಲ್ಲಿ ಪಾಠ, ಸಂಜೆ ಹುಬ್ಬಳ್ಳಿಯಲ್ಲಿ ಸ್ವಂತ ಕ್ಲಿನಿಕ್ಕು, ನಡುನಡುವೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಲೆ ಮತ್ತು ಅಂಗನವಾಡಿಗಳು. ಹೊಟ್ಟೆ ತುಂಬುತ್ತದೆ, ಆದರೆ ನಿಧಾನವಾಗಿ. ಮೂರನ್ನೂ ಮಾಡಬಹುದು, ಮತ್ತು ಒಂದನ್ನು ಪೂರ್ತಿ ಬಿಟ್ಟರೆ ಉಳಿದೆರಡು ಸೊರಗುತ್ತವೆ ಎಂಬುದು ನಾನು ಕಂಡುಕೊಂಡದ್ದು. ಏಕೆಂದರೆ ನಮಗೆ ಬೇಕಾದದ್ದು ನೋವು ಶುರುವಾಗುವ ಮುಂಚಿನ ಮಗು. ಕ್ಲಿನಿಕ್ಕಿನ ಬಾಗಿಲಿಗೆ ಬರುವುದು ನೋವು ಶುರುವಾಗಿ ರಾತ್ರಿಯಿಡೀ ಅತ್ತ ಮೇಲಿನ ಮಗು.

ಓದಿನ ಲೆಕ್ಕ ನಿಮಗೆ ಗೊತ್ತೇ ಇದೆ. ನಾಲ್ಕು ವರ್ಷ ಬಿಡಿಎಸ್, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ನೀಟ್ ಎಂಡಿಎಸ್ ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷ. ಎಂಡಿಎಸ್‌ನ ಒಂಬತ್ತು ವಿಭಾಗಗಳಲ್ಲಿ ನಮ್ಮದಕ್ಕೆ ಮಕ್ಕಳ ದಂತವೈದ್ಯ ಮತ್ತು ರೋಗತಡೆ ಎಂಬ ಎರಡು ಕೆಲಸಗಳು ಹೆಸರಿನಲ್ಲೇ ಅಂಟಿಕೊಂಡಿವೆ. ಅವಳಿ ನಗರದ ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಮಹಾವಿದ್ಯಾಲಯ 1986ರಲ್ಲಿ ಆರಂಭವಾದದ್ದರಿಂದ ಈ ಭಾಗದ ಜನರಿಗೆ ಹಲ್ಲಿನ ದೊಡ್ಡ ಆಸ್ಪತ್ರೆ ಹೊಸದೇನಲ್ಲ. ಆದರೂ ಮಕ್ಕಳ ಹಲ್ಲಿಗೆಂದೇ ಬೇರೆ ವೈದ್ಯರು ಇರುತ್ತಾರೆ ಎಂಬುದು ವಿದ್ಯಾವಂತ ಮನೆಗಳಲ್ಲೂ ಎಷ್ಟೋ ಜನರಿಗೆ ತಿಳಿಯುವುದು ಯಾರಾದರೂ ಚೀಟಿ ಬರೆದು ಕಳಿಸಿದಾಗಲೇ.

ಕ್ಲಿನಿಕ್ಕಿನಲ್ಲಿ ದಿನವೂ ಎದುರಾಗುವ ಮಾತು ಒಂದೇ: "ಡಾಕ್ಟ್ರ, ಹಾಲುಹಲ್ಲು ಹೆಂಗೂ ಬೀಳ್ತಾವಲ್ರೀ, ಅದಕ್ಯಾಕ ಇಷ್ಟು ಖರ್ಚು?" ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಬೇಸರಿಸಿಕೊಳ್ಳಲೂ ಬೇಡಿ. ಉತ್ತರವನ್ನು ಅವರಿಗೆ ಅರ್ಥವಾಗುವಂತೆ ಹೇಳಲು ಕಲಿತರೆ ನಿಮ್ಮ ಅರ್ಧ ವೃತ್ತಿ ನಿಂತಂತೆ. ಹಾಲುಹಲ್ಲುಗಳು ಇಪ್ಪತ್ತು. ಆರು ತಿಂಗಳ ಸುಮಾರಿಗೆ ಮೊದಲನೆಯದು ಮೂಡಿ, ಎರಡೂವರೆ ವರ್ಷದ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಿಂದಿನ ದವಡೆಹಲ್ಲುಗಳು ಹತ್ತರಿಂದ ಹನ್ನೆರಡನೆಯ ವರ್ಷದವರೆಗೂ ಇರಬೇಕಾದವು. ಐದನೆಯ ವರ್ಷಕ್ಕೆ ಅದನ್ನು ಕೀಳಿಸಿದರೆ ಆ ಮಗು ಉಳಿದ ಐದಾರು ವರ್ಷ ರೊಟ್ಟಿಯನ್ನು ಯಾವುದರಿಂದ ಅಗಿಯಬೇಕು ಎಂದು ಕೇಳಿದಾಗ ಅಜ್ಜಿಯರಿಗೆ ತಕ್ಷಣ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಆ ಜಾಗ ಖಾಲಿಯಾದೊಡನೆ ಹಿಂದಿನ ಶಾಶ್ವತ ಹಲ್ಲು ಮುಂದಕ್ಕೆ ಸರಿದು, ಕೆಳಗಿನಿಂದ ಬರಬೇಕಾದ ಹಲ್ಲಿಗೆ ದಾರಿಯೇ ಇಲ್ಲದಂತೆ ಮಾಡುತ್ತದೆ. ಕೀಳಲೇಬೇಕಾಗಿ ಬಂದರೆ ಜಾಗ ಕಾಯುವ ತಂತಿಯ ಪಟ್ಟಿಯನ್ನು ಕೂರಿಸುವುದು ಇದೇ ಕಾರಣಕ್ಕೆ. ಹತ್ತು ವರ್ಷದ ಮೇಲೆ ಕ್ಲಿಪ್ಪು ಹಾಕಿಸಲು ತಗಲುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಇನ್ನೊಂದು ಸಂಗತಿ ಪ್ರತಿ ವಾರವೂ ಕಾಣುತ್ತದೆ. ಆರನೆಯ ವರ್ಷದಲ್ಲಿ ಬರುವ ಮೊದಲ ಶಾಶ್ವತ ದವಡೆಹಲ್ಲು ಯಾವ ಹಲ್ಲೂ ಬೀಳದೆ, ಎಲ್ಲ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುತ್ತದೆ. ಏನೂ ಬಿದ್ದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ತಾಯ್ತಂದೆ ನಂಬಿರುತ್ತಾರೆ. ಕುಂದಗೋಳದ ಕಡೆಯಿಂದ ಬಂದ ಎಂಟು ವರ್ಷದ ಹುಡುಗಿಯೊಬ್ಬಳ ಕೆಳಗಿನ ಎರಡೂ ಬದಿಯ ಆ ಹಲ್ಲುಗಳು ಮೇಲಿನ ಗೋಡೆ ಕುಸಿದು ಬಟ್ಟಲಿನಂತಾಗಿದ್ದವು. ಇವು ಮತ್ತೆ ಹುಟ್ಟುವ ಹಲ್ಲುಗಳಲ್ಲ ಎಂದು ಹೇಳಿದಾಗ ಅವಳ ತಂದೆ ನನ್ನನ್ನು ನಂಬಲಿಲ್ಲ. ಕನ್ನಡಿ ಹಿಡಿದು, ಎದುರಿಗೆ ಕೂರಿಸಿ, ಮುಂದಿನ ನಡುವಿನಿಂದ ಒಂದು ಬದಿಗೆ ಹಲ್ಲುಗಳನ್ನು ಎಣಿಸುತ್ತ ಹೋಗಿ ಆರನೆಯದನ್ನು ತೋರಿಸಿ, ತಮ್ಮ ಬಾಯಲ್ಲಿ ಅದೇ ಜಾಗದ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಳ್ಳಲು ಹೇಳಿದ ಮೇಲೆ ಒಪ್ಪಿದರು. ಮೂಡಿದ ಹೊಸತರಲ್ಲೇ ಆ ಹಲ್ಲಿನ ಮೇಲಿನ ಗೆರೆಗಳನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚಿದ್ದರೆ, ನೋವಿಲ್ಲದ ಕೆಲವೇ ನಿಮಿಷಗಳ ಕೆಲಸಕ್ಕೆ ಹಲ್ಲು ಉಳಿಯುತ್ತಿತ್ತು. ಆದರೆ ಆರು ವರ್ಷದ, ನೋವಿಲ್ಲದ ಮಗುವನ್ನು ಕುಂದಗೋಳದಿಂದ ಹುಬ್ಬಳ್ಳಿಗೆ ಯಾರು ಕರೆತರುತ್ತಾರೆ? ಶಿಬಿರದ ವಿಚಾರಕ್ಕೆ ಬಂದಾಗ ಈ ಪ್ರಶ್ನೆಯನ್ನು ನೆನಪಿಡಿ.

ಹಾಲುಹಲ್ಲಿನ ಎನಾಮೆಲ್, ಎಂದರೆ ಹೊರಗಿನ ಗಟ್ಟಿ ಪದರ, ಶಾಶ್ವತ ಹಲ್ಲಿನದರ ಅರ್ಧದಷ್ಟು ಮಾತ್ರ ದಪ್ಪವಿರುವುದರಿಂದ ಹುಳುಕು ಬೇಗನೆ ನರಕ್ಕೆ ಇಳಿಯುತ್ತದೆ. ಆಗ ನರದ ಚಿಕಿತ್ಸೆ ಮಾಡಬೇಕು, ಮತ್ತು ಅದರ ಬೇರು ಮುಂದೆ ತಾನೇ ಕರಗಬೇಕಾದದ್ದಾದ್ದರಿಂದ ದೊಡ್ಡವರಿಗೆ ತುಂಬುವ ಗಟ್ಟಿ ವಸ್ತುವನ್ನು ತುಂಬದೆ, ಬೇರಿನೊಂದಿಗೆ ಕರಗುವ ಪೇಸ್ಟನ್ನೇ ತುಂಬಬೇಕು. ಆಮೇಲೆ ಇಡೀ ಹಲ್ಲನ್ನು ಮುಚ್ಚುವ ಉಕ್ಕಿನ ಟೊಪಗಿ (ಕ್ರೌನ್). ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರ ಹೆಸರಿನ ವಿಧಾನದಲ್ಲಿ, ನರದವರೆಗೆ ಹೋಗದ ಹುಳುಕಿದ್ದರೆ, ಕೊರೆಯದೆ, ಸೂಜಿ ಚುಚ್ಚದೆ, ಹುಳುಕಿನ ಮೇಲೆಯೇ ಟೊಪಗಿಯನ್ನು ಒತ್ತಿ ಕೂರಿಸಿಬಿಡುತ್ತೇವೆ. ಒಳಗೆ ಆಹಾರ ಸಿಗದ ಕ್ರಿಮಿಗಳು ಅಲ್ಲಿಗೇ ತಣ್ಣಗಾಗುತ್ತವೆ. ಹಳೆಯ ಪದ್ಧತಿಯಲ್ಲಿ ಕಲಿತ ಸಹೋದ್ಯೋಗಿಗಳು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಅಳುವ ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಕೆಲಸ ಮಾಡಿ ಗೊತ್ತಿದ್ದವರು ಮುರಿಯುವುದಿಲ್ಲ.

ಕೈಕೆಲಸ ಮೂರು ವರ್ಷದಲ್ಲಿ ಬರುತ್ತದೆ. ಮಗುವನ್ನು ಕುರ್ಚಿಯಲ್ಲಿ ಕೂರಿಸುವುದು ಬರಲು ಹೆಚ್ಚು ಕಾಲ ಬೇಕು. ಹೇಳಿ, ತೋರಿಸಿ, ಆಮೇಲೆ ಮಾಡುವ ಕ್ರಮವನ್ನು ದಂತವೈದ್ಯ ಅಡೆಲ್‌ಸ್ಟನ್ 1959ರಲ್ಲಿ ಬರೆದಿಟ್ಟರು, ಮಗುವಿನ ವರ್ತನೆಯನ್ನು ನಾಲ್ಕು ಮೆಟ್ಟಿಲಲ್ಲಿ ಅಳೆಯುವ ಪಟ್ಟಿಯನ್ನು ಫ್ರಾಂಕಲ್ 1962ರಲ್ಲಿ ಕೊಟ್ಟರು. ಪರೀಕ್ಷೆಯಲ್ಲಿ ಇವೆರಡನ್ನೂ ಎಲ್ಲರೂ ಬರೆಯುತ್ತಾರೆ. ಕ್ಲಿನಿಕ್ಕಿನಲ್ಲಿ ಮಾತ್ರ, ನೀವು ಗಾಳಿಯ ಪಿಚಕಾರಿಯನ್ನು ಮಗುವಿನ ಅಂಗೈ ಮೇಲೆ ಊದಿ ತೋರಿಸಿ, ಎಂಜಲು ಎಳೆಯುವ ನಳಿಗೆ ನೀರು ಕುಡಿಯೋ ಪೈಪು ಎಂದು ಹೆಸರಿಟ್ಟು, ಮಗು ತುಸು ನಗುವ ಹೊತ್ತಿಗೆ ಪಕ್ಕದಲ್ಲಿ ನಿಂತ ತಾಯಿ "ಸುಮ್ನ ಕುಂದ್ರ, ಇಲ್ಲಂದ್ರ ಡಾಕ್ಟ್ರು ಸೂಜಿ ಚುಚ್ತಾರ ನೋಡ" ಎಂದುಬಿಡುತ್ತಾರೆ. ಅಲ್ಲಿಗೆ ಅಷ್ಟು ಹೊತ್ತಿನ ಶ್ರಮವೆಲ್ಲ ಮಣ್ಣುಪಾಲು. ಆದ್ದರಿಂದ ನಾನು ಮೊದಲ ಭೇಟಿಯಲ್ಲಿ ತಾಯ್ತಂದೆಯರ ಜೊತೆ ಹೊರಗೆ ಮಾತಾಡುತ್ತೇನೆ: ಮನೆಯಲ್ಲಿ ಸೂಜಿಯ ಹೆದರಿಕೆ ಹಾಕಬಾರದು, ಏನೂ ಆಗುವುದಿಲ್ಲವೆಂಬ ಸುಳ್ಳನ್ನೂ ಹೇಳಬಾರದು, ಚಿಕಿತ್ಸೆಯ ಹೊತ್ತಿಗೆ ಮಾತಾಡುವವರು ನಾನೊಬ್ಬರೇ. ಅರಿವಳಿಕೆ ಕೊಟ್ಟ ದಿನ ಇನ್ನೊಂದು ಎಚ್ಚರಿಕೆ ಕಡ್ಡಾಯ. ಜೋಮು ಹಿಡಿದ ತುಟಿಯನ್ನು ಮಗು ಆಟಕ್ಕೆಂದು ಕಚ್ಚಿಕೊಂಡು, ಮರುದಿನ ಅದು ಊದಿ ಬಿಳಿಯಾದಾಗ ಇಡೀ ಮನೆ ಡಾಕ್ಟರ ಸೂಜಿಯನ್ನೇ ದೂರುತ್ತದೆ. ಜೋಮು ಇಳಿಯುವವರೆಗೆ ಊಟ ಕೊಡಬೇಡಿ, ಕಣ್ಣಿಟ್ಟಿರಿ ಎಂದು ಬರೆದೇ ಕೊಡಿ.

ಹುಳುಕಿನ ಕಾರಣ ಹೇಳುವಾಗ ಪೇಡೆಯನ್ನು ಬೈಯುವುದು ಸುಲಭ, ಆದರೆ ಧಾರವಾಡದ ಮಕ್ಕಳ ಹಲ್ಲು ಕೆಡಿಸಿದ್ದು ಪೇಡೆಯೆಂದು ನನಗೆ ಅನ್ನಿಸುವುದಿಲ್ಲ. ಊಟವಾದ ಮೇಲೆ ತಿಂದು ಬಾಯಿ ಮುಕ್ಕಳಿಸಿದ ಒಂದು ಪೇಡೆಗಿಂತ, ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ಹನ್ನೊಂದಕ್ಕೆ ಐದು ರೂಪಾಯಿಯ ಪಾಕೀಟು, ಶಾಲೆ ಬಿಟ್ಟ ಮೇಲೆ ಚಾಕ್ಲೇಟು, ಮಲಗುವಾಗ ಸಕ್ಕರೆ ಹಾಕಿದ ಹಾಲಿನ ಬಾಟಲಿ ಹೆಚ್ಚು ಕೆಡಿಸುತ್ತವೆ, ಏಕೆಂದರೆ ಎಷ್ಟು ಸಿಹಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಎನ್ನುವುದು ಮುಖ್ಯ. ಬಾಟಲಿಯ ಹುಳುಕನ್ನು ನೋಡಿದೊಡನೆ ಗುರುತಿಸಬಹುದು: ಮೇಲಿನ ನಾಲ್ಕು ಮುಂಹಲ್ಲುಗಳು ಕಂದುಬಣ್ಣದ ಮೊಳೆಗಳಾಗಿ ಉಳಿದಿದ್ದರೆ, ಕೆಳಗಿನವು ನಾಲಿಗೆಯ ಮರೆಯಲ್ಲಿದ್ದುದರಿಂದ ಬೆಳ್ಳಗೇ ಇರುತ್ತವೆ.

ಹಣದ ಮಾತು. ಮೊದಲ ಮೂರ್ನಾಲ್ಕು ವರ್ಷ ಸ್ವಂತ ಕ್ಲಿನಿಕ್ಕನ್ನೇ ನಂಬಿ ಕೂರಬೇಡಿ. ನಿಮ್ಮ ಬಳಿಗೆ ಮಕ್ಕಳನ್ನು ಕಳಿಸುವವರು ಜಾಹೀರಾತು ನೋಡಿದವರಲ್ಲ, ಮಕ್ಕಳ ತಜ್ಞರು ಮತ್ತು ಅಳುವ ಮಗುವಿನ ಗೊಡವೆ ಬೇಡವೆನ್ನುವ ಇತರ ದಂತವೈದ್ಯರು. ಅವರಿಗೆ ನಿಮ್ಮ ಪರಿಚಯವಾಗಲು ಕಾಲ ಹಿಡಿಯುತ್ತದೆ. ಆ ತನಕ ಬೇರೆಬೇರೆ ಕ್ಲಿನಿಕ್ಕುಗಳಿಗೆ ಕರೆದಾಗ ಹೋಗಿ ಕೆಲಸ ಮಾಡಿಕೊಡುವುದು, ಕಾಲೇಜಿನ ಸಂಬಳ ಇವೇ ಆಧಾರ. ಒಮ್ಮೆ ಹೆಸರು ನಿಂತಿತೆಂದರೆ ಬೇರೆಯವರು ಕೈಹಾಕಲು ಹಿಂಜರಿಯುವ ಮಕ್ಕಳೂ ನಿಮ್ಮಲ್ಲಿಗೇ ಬರುತ್ತಾರೆ: ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದವರು, ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಅಥವಾ ಆಟಿಸಂ ಇರುವವರು. ಇವರಲ್ಲಿ ಕೆಲವರಿಗೆ ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ಕೊಡಿಸಿ ಇಡೀ ಬಾಯಿಯ ಕೆಲಸವನ್ನು ಒಂದೇ ಸಲಕ್ಕೆ ಮುಗಿಸಬೇಕಾಗುತ್ತದೆ. ಲಾಭದ ದೃಷ್ಟಿಯಿಂದ ಇದು ದೊಡ್ಡ ಕೆಲಸವಲ್ಲ, ಆದರೆ ನೀವು ಮಾಡದಿದ್ದರೆ ಆ ಮಗು ಬೆಂಗಳೂರಿಗೆ ಹೋಗಬೇಕು ಅಥವಾ ನೋವು ನುಂಗಿಕೊಂಡಿರಬೇಕು.

ಬೋಧನೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಒಂದು ಆಕ್ಷೇಪವನ್ನು ಮಾತ್ರ ದಾಖಲಿಸುತ್ತೇನೆ. ವಿದ್ಯಾರ್ಥಿ ಇಷ್ಟು ಹಲ್ಲು ತುಂಬಿದ, ಇಷ್ಟು ಕಿತ್ತ ಎಂಬ ಕೋಟಾ ಪುಸ್ತಕದ ಲೆಕ್ಕದಲ್ಲೇ ನಮ್ಮ ತರಬೇತಿ ನಿಂತಿದೆ. ಮುಕ್ಕಾಲು ಗಂಟೆ ಮಾತಾಡಿ, ಚಿಕಿತ್ಸೆಯೇ ಇಲ್ಲದೆ, ಹೆದರಿದ ಮಗುವಿನಿಂದ ಒಮ್ಮೆ ಬಾಯಿ ತೆಗೆಸಿ ಮನೆಗೆ ಕಳಿಸಿದ ವಿದ್ಯಾರ್ಥಿಗೆ ಆ ಪುಸ್ತಕದಲ್ಲಿ ಸಹಿ ಹಾಕಲು ಅಂಕಣವೇ ಇಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಇದನ್ನು ಕೇಳಿ ನಕ್ಕರು. ಆದರೆ ಎರಡನೆಯ ಭೇಟಿಗೆ ತಾನಾಗಿ ಬಂದು ಕುರ್ಚಿ ಹತ್ತುವುದು ಅಂಥ ಮಗುವೇ. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗಳಿಗೆ ಇದು ಇನ್ನೂ ಕಷ್ಟ. ವಾರ್ಡಿನ ಆಯಾಗಳ ಬಳಿ ಕೂತು "ಬಾ ಪುಟ್ಟಾ, ಆ ಮಾಡು" ಎನ್ನುವಷ್ಟು ಕನ್ನಡ ಕಲಿತವರು ಬೇಗ ಮುಂದೆ ಬರುತ್ತಾರೆ. ನಾನು ಪಾಠ ಮಾಡುವುದನ್ನು ಬಿಡದಿರಲು ಸ್ವಾರ್ಥದ ಕಾರಣವೂ ಇದೆ: ಹಳ್ಳಿಯ ಶಾಲೆಯಲ್ಲಿ ಇನ್ನೂರು ಮಕ್ಕಳ ಬಾಯಿ ನೋಡಲು ಒಬ್ಬರಿಂದ ಆಗದು, ಹತ್ತು ಇಂಟರ್ನ್‌ಗಳು ಬೇಕು, ಅವರು ಸಿಗುವುದು ಕಾಲೇಜಿನಲ್ಲಿ.

ಇನ್ನು ಶಿಬಿರ. ನಿಮ್ಮ ಪ್ರಶ್ನೆಯಲ್ಲಿ ಇದನ್ನು ಸಮಾಜಸೇವೆ ಎಂದು ಕರೆದಿದ್ದೀರಿ. ನಾನು ಹಾಗೆ ಕರೆಯುವುದಿಲ್ಲ, ಏಕೆಂದರೆ ಸೇವೆ ಎಂದೊಡನೆ ಬ್ಯಾನರು, ಶಾಲು, ಮಕ್ಕಳ ಕೈಗೊಂದು ಬ್ರಶ್ಶು, ಗುಂಪು ಫೋಟೊ ಇವಿಷ್ಟಕ್ಕೇ ಕೆಲಸ ಮುಗಿಯುತ್ತದೆ. ಹುಳುಕು ಕಂಡ ಮಗುವಿಗೆ ಆಸ್ಪತ್ರೆಗೆ ಬರಲು ಚೀಟಿ ಕೊಡುತ್ತಾರೆ. ಶಿರಹಟ್ಟಿಯ ಹೊಲದಲ್ಲಿ ದಿನಗೂಲಿಗೆ ಹೋಗುವ ತಾಯಿ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಕಳೆದುಕೊಂಡು, ನೋವೇ ಇಲ್ಲದ ಹಲ್ಲಿಗೆಂದು ಧಾರವಾಡಕ್ಕೆ ಬರುತ್ತಾಳೆಂದು ನಂಬುವುದು ಹೇಗೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಹೋಗಿ ನೋಡುವ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಆ ತಂಡದ ವೈದ್ಯರ ಪರಿಚಯ ಮಾಡಿಕೊಳ್ಳಿ. ಯಾವ ಊರಲ್ಲಿ ಯಾವ ಮಗುವಿಗೆ ಏನಾಗಿದೆ ಎಂಬುದು ಅವರಿಗೆ ಗೊತ್ತಿರುತ್ತದೆ, ಹಲ್ಲಿನ ಕೆಲಸ ಮಾಡುವ ಕೈ ಮಾತ್ರ ಅವರಲ್ಲಿರುವುದಿಲ್ಲ.

ಚೀಟಿ ಬರೆಯುವ ಬದಲು ಅಲ್ಲೇ ಚಿಕಿತ್ಸೆ ಮುಗಿಸಿ ಬನ್ನಿ ಎಂಬುದು ನನ್ನ ಹಟ. ಕರೆಂಟು ಬೇಕಿಲ್ಲದ, ಕೊರೆಯುವ ಯಂತ್ರ ಬೇಕಿಲ್ಲದ ವಿಧಾನಗಳಿವೆ. 1980ರ ದಶಕದ ನಡುವಿನಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ಕ್ರಮದಲ್ಲಿ ಕೈ ಉಪಕರಣದಿಂದಲೇ ಮೆತ್ತಗಿನ ಹುಳುಕನ್ನು ಕೆರೆದು ಗ್ಲಾಸ್ ಅಯೊನೊಮರ್ ಎಂಬ ಹಲ್ಲಿನ ಸಿಮೆಂಟನ್ನು ತುಂಬುತ್ತೇವೆ. ಶಾಲೆಯ ಬೆಂಚು, ತಲೆಗೊಂದು ದಿಂಬು, ತಲೆಗೆ ಕಟ್ಟುವ ದೀಪ ಸಾಕು. ಅದಕ್ಕಿಂತ ಸುಲಭವಾದದ್ದು ಶೇಕಡಾ 38ರ ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ದ್ರವ ಔಷಧಿ. ಒಂದು ಹನಿಯನ್ನು ಪುಟ್ಟ ಬ್ರಶ್ಶಿನಿಂದ ಹುಳುಕಿಗೆ ಹಚ್ಚಿದರೆ ಅದು ಮುಂದುವರಿಯುವುದು ಬಹುಪಾಲು ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ತೊಂದರೆ ಒಂದೇ, ಹುಳುಕಿದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಈ ಮಾತನ್ನು ಹಚ್ಚುವ ಮೊದಲೇ ಹೇಳಬೇಕು. ನಾನು ಮೊದಲು ಶಾಲೆಯಿಂದ ಮನೆಗೆ ಒಪ್ಪಿಗೆ ಪತ್ರ ಕಳಿಸುತ್ತೇನೆ, ಅದರಲ್ಲಿ ಔಷಧಿ ಹಚ್ಚುವ ಮುಂಚಿನ ಮತ್ತು ನಂತರದ ಹಲ್ಲಿನ ಚಿತ್ರವನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದ್ದೇನೆ. ಓದು ಬಾರದ ತಾಯಿಯೂ ಆ ಎರಡು ಚಿತ್ರ ನೋಡಿ ಹೆಬ್ಬೆಟ್ಟು ಒತ್ತುವ ಮೊದಲು ಹಿಂದಿನ ಹಲ್ಲಾದರೆ ಹಚ್ಚಿ, ಮುಂದಿನದಕ್ಕೆ ಬೇಡ ಎಂದು ಹೇಳಿ ಕಳಿಸುತ್ತಾಳೆ. ಹೆಣ್ಣುಮಗುವಾದರೆ ಈ ಮಾತು ಇನ್ನೂ ಖಚಿತವಾಗಿ ಬರುತ್ತದೆ, ಅದರ ಬಗ್ಗೆ ನಾನಿಲ್ಲಿ ವಾದಕ್ಕಿಳಿಯುವುದಿಲ್ಲ.

ನಮ್ಮ ಭಾಗದಲ್ಲಿ ಕೆಲಸ ಮಾಡುವವರು ಫ್ಲೋರೈಡಿನ ಎರಡೂ ಮುಖಗಳನ್ನು ತಿಳಿದಿರಲೇಬೇಕು. ಗದಗ ಜಿಲ್ಲೆಯ ಮುಂಡರಗಿ ಸುತ್ತಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಎಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಕುಡಿದ ಮಕ್ಕಳ ಶಾಶ್ವತ ಹಲ್ಲುಗಳು ಸುಣ್ಣದ ಬಿಳಿ ಗೆರೆ, ಕಂದು ಕಲೆಗಳೊಂದಿಗೇ ಹುಟ್ಟುತ್ತವೆ. ಆ ಕಡೆಯ ಶಾಲೆಯೊಂದರಲ್ಲಿ ಶಿಕ್ಷಕರೊಬ್ಬರು ಕಂದುಹಲ್ಲಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಇವರು ಹಲ್ಲುಜ್ಜದ ಸೋಮಾರಿಗಳು ಎಂದು ನನಗೆ ಪರಿಚಯಿಸಿದರು. ಆ ಹುಡುಗರು ಎಷ್ಟು ಉಜ್ಜಿದರೂ ಆ ಕಲೆ ಹೋಗುವುದಿಲ್ಲ, ಅದು ಒಳಗಿನಿಂದ ಬಂದದ್ದು, ತಪ್ಪು ನೀರಿನದು ಎಂದು ಎಲ್ಲರ ಎದುರಿಗೇ ಹೇಳಬೇಕಾಯಿತು. ಈಗ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ, ಆದರೆ ಎಷ್ಟೋ ಮನೆಗಳಲ್ಲಿ ಕುಡಿಯಲು ಆ ನೀರು, ಬೇಳೆ ಬೇಯಿಸಲು, ಚಹಾಕ್ಕೆ ಬೋರಿನ ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ ಎಂಬುದನ್ನು ಅಡುಗೆ ಮಾಡುವವರಿಗೆ ಹೇಳಿ. ಹಾಗೆಂದು ಪೇಸ್ಟನ್ನೇ ಬಿಡಿಸಬೇಡಿ: ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ದೊಡ್ಡವರೇ ಹಚ್ಚಿಕೊಟ್ಟು ಉಗುಳಿಸಬೇಕು.

ಶಾಲೆಗೆ ಹೋದಾಗ ದೈಹಿಕ ಶಿಕ್ಷಕರನ್ನು ಹತ್ತು ನಿಮಿಷ ಬಿಡುವು ಮಾಡಿಸಿಕೊಂಡು ಕೂರಿಸಿಕೊಳ್ಳಿ. ಕಬಡ್ಡಿ, ಖೋಖೋ ಆಡುವಾಗ ಶಾಶ್ವತ ಹಲ್ಲು ಬೇರು ಸಮೇತ ಕಿತ್ತುಬಂದರೆ ಬೇರನ್ನು ಮುಟ್ಟದೆ, ತಿಕ್ಕದೆ, ಸಾಧ್ಯವಾದರೆ ತೊಳೆದು ಅದೇ ಗೂಡಿಗೆ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಒಯ್ಯಬೇಕು. ಹಾಲುಹಲ್ಲಾದರೆ ಮರಳಿ ಕೂರಿಸಬಾರದು, ಅದನ್ನು ವಾಡಿಕೆಯಂತೆ ಮನೆಯ ಮಾಳಿಗೆಗೆ ಎಸೆದರಾಯಿತು. ಹೈಸ್ಕೂಲಿಗೆ ಹೋದರೆ ಹುಡುಗರ ಬಾಯಿ ಎಷ್ಟು ತೆರೆಯುತ್ತದೆ ಎಂದೂ ನೋಡಿ. ಗುಟ್ಕಾಕ್ಕೆ ಕರ್ನಾಟಕದಲ್ಲಿ 2013ರಿಂದ ನಿಷೇಧವಿದ್ದರೂ ಪಾನ್ ಮಸಾಲೆಯ ಒಂದು ಚೀಟು, ತಂಬಾಕಿನ ಇನ್ನೊಂದು ಚೀಟು ಬೇರೆಬೇರೆಯಾಗಿ ಸಿಗುತ್ತವೆ, ಅವನ್ನು ಜಗಿಯುತ್ತ ಹೋದರೆ ಬಾಯಿ ಬಿಗಿದು ತೆರೆಯದಂತಾಗುತ್ತದೆ. ತನ್ನ ಮೂರು ಬೆರಳನ್ನು ಒಟ್ಟಿಗೆ ನಿಲ್ಲಿಸಿ ಬಾಯಿಗೆ ಹಾಕಿಕೊಳ್ಳಲಾಗದ ಹುಡುಗನನ್ನು ಹಾಗೆಯೇ ಬಿಟ್ಟು ಬರಬೇಡಿ.

ನಿಮ್ಮ ಕೊನೆಯ ಪ್ರಶ್ನೆ, ಕ್ಲಿನಿಕ್ಕು ಎಲ್ಲಿ ಹಾಕುವುದು ಎಂಬುದು. ಹುಬ್ಬಳ್ಳಿಯಲ್ಲಿ ಈಗ ಪೈಪೋಟಿ ಇದೆ. ವಾರದ ಬಹುಪಾಲು ಇಲ್ಲಿ ಕೆಲಸವಿಟ್ಟುಕೊಂಡು, ಗೊತ್ತಾದ ಒಂದೆರಡು ದಿನ ಗದಗಕ್ಕೋ ಹಾವೇರಿಗೋ ಹೋಗಿಬನ್ನಿ. ಎರಡೂ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಮರಳಬಹುದಾದ ದೂರದಲ್ಲಿವೆ. ಶಿಬಿರದಲ್ಲಿ ನೋಡಿದ ಮಗುವಿಗೆ ಮುಂದಿನ ಚಿಕಿತ್ಸೆ ತನ್ನ ಜಿಲ್ಲಾ ಊರಲ್ಲೇ ಸಿಕ್ಕರೆ ಆ ತಾಯಿ ಖಂಡಿತ ಬರುತ್ತಾಳೆ. ಆರಂಭದಲ್ಲೇ ಸಾಲ ಮಾಡಿ ಆನೆ, ಡೈನೋಸಾರ್ ಆಕಾರದ ಕುರ್ಚಿ ಕೊಳ್ಳಬೇಡಿ, ಮಕ್ಕಳು ಎರಡು ನಿಮಿಷದಲ್ಲಿ ಅದನ್ನು ಮರೆಯುತ್ತಾರೆ, ಸಾಲದ ಕಂತು ಐದು ವರ್ಷ ಮರೆಯಲು ಬಿಡುವುದಿಲ್ಲ. ಆ ದುಡ್ಡಿಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ, ಎಲ್ಲ ಅಳತೆಯ ಉಕ್ಕಿನ ಟೊಪಗಿಗಳ ಒಂದು ಪೆಟ್ಟಿಗೆ, ಉಪಕರಣಗಳನ್ನು ಹಬೆಯಿಂದ ಕ್ರಿಮಿಮುಕ್ತ ಮಾಡುವ ಒಳ್ಳೆಯ ಆಟೋಕ್ಲೇವ್ ಬರುತ್ತವೆ. ಎಂಡಿಎಸ್‌ಗೆ ವಿಭಾಗ ಆರಿಸುವ ಮುನ್ನ ಇಂಟರ್ನ್‌ಶಿಪ್‌ನಲ್ಲಿ ನಮ್ಮ ವಿಭಾಗದ ಪೋಸ್ಟಿಂಗ್ ಹಾಕಿಸಿಕೊಂಡು ಸೋಮವಾರ ಬೆಳಗಿನ ಹೊರರೋಗಿ ವಿಭಾಗದಲ್ಲಿ ನಿಂತು ನೋಡಿ. ವಾರಾಂತ್ಯದ ನೋವೆಲ್ಲ ಅಂದೇ ಬರುತ್ತದೆ, ಹತ್ತು ಮಕ್ಕಳು ಒಟ್ಟಿಗೆ ಅಳುತ್ತಿರುತ್ತಾರೆ. ಆ ಗದ್ದಲದಲ್ಲೂ ನಿಮಗೆ ಹನ್ನೊಂದನೆಯ ಮಗುವಿನ ಹೆಸರು ಕೇಳಿ ಮಾತಾಡಿಸುವ ತಾಳ್ಮೆ ಉಳಿದಿದ್ದರೆ ಅರ್ಜಿ ಹಾಕಿ.